ಮಂಗಳಕ್ಕೆ ಅಣು ರಾಕೆಟ್: ಆಗುವ ಕೆಲಸವೋ, ಬರೀ ಕಲ್ಪನೆಯೋ?

ವಿಜ್ಞಾನ ಟೀಚರ್, ಮುದ್ದೇಬಿಹಾಳ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮುದ್ದೇಬಿಹಾಳದ ಹತ್ತಿರ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ತಿಂಗಳು ವಿಜ್ಞಾನ ವಸ್ತುಪ್ರದರ್ಶನ ಇತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಅಣು ರಾಕೆಟ್‌ನ ಮಾದರಿ ಮಾಡಿಕೊಂಡು ಬಂದಿದ್ದಳು. ರಟ್ಟು, ಬಳೆ ಡಬ್ಬಿ, ಹಳೇ ಟಾರ್ಚಿನ ಕೊಳವೆ, ಇಷ್ಟರಲ್ಲೇ ಚೆಂದ ಮಾಡಿದ್ದಳು. ಪಕ್ಕದ ಚಾರ್ಟ್ ಮೇಲೆ "ಅಣು ರಾಕೆಟ್‌ನಲ್ಲಿ ಮಂಗಳಕ್ಕೆ 45 ದಿನ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ನೋಡಲು ಬಂದ ತೀರ್ಪುಗಾರರೊಬ್ಬರು ಚಾರ್ಟ್ ಪೂರ್ತಿ ಓದಲೂ ಇಲ್ಲ. "ಇದೆಲ್ಲಾ ಸಿನಿಮಾದ್ದು ತಂಗಿ, ಇಂಥ ಎಂಜಿನ್ ಯಾರೂ ಮಾಡಿಲ್ಲ, ಮಾಡೋಕೂ ಆಗಲ್ಲ" ಅಂದು ಮುಂದಿನ ಟೇಬಲ್‌ಗೆ ಹೋದರು. ಹುಡುಗಿ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಅವಳ ಪರವಾಗಿ ಮಾತಾಡಬೇಕಿದ್ದ ಹೊತ್ತಲ್ಲಿ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ, ಅದು ನನ್ನನ್ನು ಇನ್ನೂ ಕೊರೆಯುತ್ತಿದೆ.

ನನಗೆ ಗೊತ್ತಿರುವುದು ಇಷ್ಟು. ನಮ್ಮ ಮಂಗಳಯಾನ 2013ರ ನವೆಂಬರ್ 5ಕ್ಕೆ ಹೊರಟು 2014ರ ಸೆಪ್ಟೆಂಬರ್ 24ಕ್ಕೆ ಮಂಗಳ ಸೇರಿತು. ನಾಸಾದ ವಾಯೇಜರ್ ನೌಕೆ, ಮಂಗಳದ ಮೇಲಿನ ಕ್ಯೂರಿಯಾಸಿಟಿ ಗಾಡಿ ಇವುಗಳಲ್ಲಿ ಪ್ಲುಟೋನಿಯಂ ಇದೆ ಅಂತಲೂ ಓದಿದ್ದೇನೆ, ಆದರೆ ಅದು ಗಾಡಿ ಓಡಿಸುತ್ತದೋ ಬರೀ ಕರೆಂಟ್ ಕೊಡುತ್ತದೋ ಅನ್ನುವಲ್ಲೇ ಗೊಂದಲ. ಅಣು ಶಕ್ತಿಯಿಂದ ಓಡುವ ರಾಕೆಟ್ ಎಂಜಿನ್ ನಿಜವಾಗಿ ಯಾರಾದರೂ ಮಾಡಿದ್ದಾರಾ? ಮಾಡಿದ್ದರೆ ಈಗ ಯಾಕಿಲ್ಲ? 45 ದಿನ ಅನ್ನುವುದು ನಿಜವಾ? ಮಕ್ಕಳಿಗೆ ಹೇಳಬಹುದಾದ ಹಾಗೆ, ಆದರೆ ತಪ್ಪಿಲ್ಲದೆ ತಿಳಿಸಿಕೊಡಿ.

ಕೃಷ್ಣಾ ತೀರ, ಬಾಗಲಕೋಟೆ

ಅಕ್ಕೋರೆ, ಮೊದಲು ಆ ಹುಡುಗಿಗೆ ಇದನ್ನು ಹೇಳಿ: ಎಂಜಿನ್ ಮಾಡಿದ್ದಾರೆ. ಓಡಿಸಿಯೂ ನೋಡಿದ್ದಾರೆ. ಒಂದಲ್ಲ, ಸುಮಾರು 20 ರಿಯಾಕ್ಟರ್ (ಯುರೇನಿಯಂ ಒಡೆದು ಶಾಖ ಹುಟ್ಟಿಸುವ ಯಂತ್ರ). ಅದೂ ನಾವ್ಯಾರೂ ಹುಟ್ಟುವ ಮೊದಲೇ.

ಅಮೆರಿಕದವರು 1955ರಲ್ಲಿ ರೋವರ್ ಅನ್ನುವ ಯೋಜನೆ ಶುರು ಮಾಡಿದರು. ಮುಂದೆ ಅದರ ಜೊತೆ ನರ್ವಾ ಅನ್ನುವ ಎಂಜಿನ್ ಯೋಜನೆ ಸೇರಿತು. ನೆವಾಡಾ ಮರುಭೂಮಿಯ ಜಾಕಾಸ್ ಫ್ಲಾಟ್ಸ್ ಅನ್ನುವ ಜಾಗದಲ್ಲಿ 1959ರಿಂದ ಒಂದರ ಮೇಲೊಂದು ಪರೀಕ್ಷೆ. 1967ರ ಡಿಸೆಂಬರ್‌ನಲ್ಲಿ ಒಂದು ರಿಯಾಕ್ಟರ್ ಒಂದೇ ಸಮ ಒಂದು ಗಂಟೆ ಪೂರ್ತಿ ಶಕ್ತಿಯಲ್ಲಿ ಓಡಿತು. 1968ರಲ್ಲಿ ಫೀಬಸ್ 2ಎ ಅನ್ನುವುದು 4000 ಮೆಗಾವ್ಯಾಟ್ ಶಾಖ ದಾಟಿ ಹನ್ನೆರಡು ನಿಮಿಷ ನಿಂತಿತು. ಇದು ಎಷ್ಟು ಅಂತ ಅಂದಾಜು ಬೇಕಾದರೆ ನಮ್ಮ ಕಾರವಾರ ಕಡೆಯ ಕೈಗಾ ಅಣು ವಿದ್ಯುತ್ ಸ್ಥಾವರ ನೋಡಿ. ಅಲ್ಲಿನ ನಾಲ್ಕೂ ಘಟಕ ಸೇರಿ 880 ಮೆಗಾವ್ಯಾಟ್ ವಿದ್ಯುತ್, ಅದಕ್ಕಾಗಿ ಒಳಗೆ ಹುಟ್ಟುವ ಶಾಖ ಸುಮಾರು 3000 ಮೆಗಾವ್ಯಾಟ್. ಅಂದರೆ ಇಡೀ ಕೈಗಾಕ್ಕಿಂತ ಜಾಸ್ತಿ ಶಾಖ, ಒಂದೇ ರಾಕೆಟ್ ರಿಯಾಕ್ಟರ್‌ನಿಂದ. 1969ರಲ್ಲಿ ಇನ್ನೊಂದು ಎಂಜಿನ್ ಅನ್ನು 28 ಸಲ ಶುರು ಮಾಡಿ, ನಿಲ್ಲಿಸಿ ನೋಡಿದರು. ಸೋವಿಯತ್ ಒಕ್ಕೂಟದವರೂ ಇಂಥದ್ದನ್ನು ನೆಲದ ಮೇಲೆ ಪರೀಕ್ಷಿಸಿದ್ದಾರೆ. ಆಕಾಶಕ್ಕೆ ಮಾತ್ರ ಇಂಥ ಎಂಜಿನ್ ಇದುವರೆಗೂ ಯಾರೂ ಹಾರಿಸಿಲ್ಲ. ಆ ತೀರ್ಪುಗಾರರು "ಯಾರೂ ಹಾರಿಸಿಲ್ಲ" ಅಂದಿದ್ದರೆ ನಾನೂ ಒಪ್ಪುತ್ತಿದ್ದೆ.

ಇದು ಕೆಲಸ ಮಾಡುವ ರೀತಿ ತುಂಬಾ ಸರಳ. ಇಲ್ಲಿ ಏನನ್ನೂ ಸುಡುವುದಿಲ್ಲ. ಯುರೇನಿಯಂ ಇರುವ ರಿಯಾಕ್ಟರ್‌ನ ಸಣ್ಣ ಸಣ್ಣ ತೂತುಗಳ ಮೂಲಕ ಹೈಡ್ರೋಜನ್ ಹಾಯಿಸುತ್ತಾರೆ. ಅದು 2000 ಡಿಗ್ರಿಗಿಂತ ಮೇಲಕ್ಕೆ ಕಾದು ಹಿಂದಿನ ನಳಿಗೆಯಿಂದ ಚಿಮ್ಮುತ್ತದೆ. ಅಷ್ಟೇ. ಲಾಭ ಎಲ್ಲಿ ಅಂದರೆ, ರಾಕೆಟ್‌ಗೆ ಮುಖ್ಯ ಬೇಕಾದದ್ದು ಹಿಂದಕ್ಕೆ ಚಿಮ್ಮುವ ಅನಿಲದ ವೇಗ. ನಮ್ಮ ಎಲ್‌ವಿಎಂ3 ರಾಕೆಟ್‌ನ ಮೇಲಿನ ಹಂತದ ಕ್ರಯೋಜೆನಿಕ್ ಎಂಜಿನ್‌ನಲ್ಲಿ ಹೈಡ್ರೋಜನ್, ಆಮ್ಲಜನಕ ಸೇರಿ ಉರಿದು ಮುಖ್ಯವಾಗಿ ನೀರಾವಿ ಹೊರಗೆ ಬರುತ್ತದೆ. ನೀರಿನ ಅಣು ಭಾರ, 18. ಬರೀ ಹೈಡ್ರೋಜನ್ ಅಣು 2. ಹಗುರ ಅಣು ಅದೇ ಬಿಸಿಯಲ್ಲಿ ಬಹಳ ಜೋರಾಗಿ ಓಡುತ್ತದೆ. ಹಾಗಾಗಿ ಸುಡುವ ಎಂಜಿನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 4.4 ಕಿಲೋಮೀಟರ್ ಆಸುಪಾಸು ಸಿಕ್ಕರೆ ಅಣು ಎಂಜಿನ್‌ನಲ್ಲಿ 8ರಿಂದ 9 ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡಿದೆ. ಇಂಧನ ಬಿಟ್ಟು 20 ಟನ್ ತೂಗುವ ನೌಕೆ, ಅದರ ವೇಗ ಸೆಕೆಂಡಿಗೆ 6 ಕಿಲೋಮೀಟರ್ ಹೆಚ್ಚಿಸಬೇಕು. ಸುಡುವ ಎಂಜಿನ್ ಆದರೆ ಸುಮಾರು 58 ಟನ್ ಇಂಧನ ಬೇಕು. ಅಣು ಎಂಜಿನ್ ಆದರೆ ಸುಮಾರು 20 ಟನ್ ಹೈಡ್ರೋಜನ್ ಸಾಕು. ಮೂರರಲ್ಲಿ ಒಂದು ಭಾಗ! ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಚೆಂದವಾಗೇ ಕಾಣುತ್ತದೆ, ಆದರೆ ಮಕ್ಕಳಿಗೆ ಅರ್ಧ ಲೆಕ್ಕ ಹೇಳಬಾರದು. ದ್ರವ ಹೈಡ್ರೋಜನ್ ಬಲು ಹಗುರ, ಒಂದು ಲೀಟರ್ ತೂಕ ಬರೀ 71 ಗ್ರಾಂ. ಆ 20 ಟನ್ ಹೈಡ್ರೋಜನ್ ಹಿಡಿಸಲು ಸುಮಾರು 2,80,000 ಲೀಟರ್ ಟ್ಯಾಂಕ್ ಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಊರೂರಿಗೆ ನೀರು ತರುವ 5000 ಲೀಟರ್ ಟ್ಯಾಂಕರ್ ನೆನಪಿಸಿಕೊಳ್ಳಿ, ಅಂಥವು 56. ಸುಡುವ ಎಂಜಿನ್‌ನ 58 ಟನ್ ಇಂಧನಕ್ಕೆ 32 ಟ್ಯಾಂಕರ್ ಜಾಗ ಸಾಕು, ಯಾಕೆಂದರೆ ಅದರಲ್ಲಿ ಹೆಚ್ಚಿನದು ಭಾರದ ಆಮ್ಲಜನಕ. ಜೊತೆಗೆ ಆ ಹೈಡ್ರೋಜನ್ ಅನ್ನು ಮೈನಸ್ 253 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಆವಿಯಾಗದ ಹಾಗೆ ಕಾಪಾಡಬೇಕು. ಇದು ರಿಯಾಕ್ಟರ್‌ಗಿಂತ ಕಡಿಮೆ ತಲೆನೋವೇನಲ್ಲ.

ಇನ್ನೊಂದು ಮಾತು. ಈ ಎಂಜಿನ್ ತನ್ನ ಭಾರಕ್ಕೆ ಹೋಲಿಸಿದರೆ ನೂಕುವ ಬಲ ಕಡಿಮೆ. ಹಾಗಾಗಿ ಶ್ರೀಹರಿಕೋಟಾದಿಂದ ಮೇಲೇಳಲು ಇದು ಬೇಡ. ಕಕ್ಷೆಗೆ ಸಾಮಾನ್ಯ ರಾಕೆಟ್‌ನಲ್ಲೇ ಹೋಗಬೇಕು, ಅಲ್ಲಿಂದ ಮುಂದಕ್ಕೆ ಇದು. ಅವಳ ಮಾದರಿ ನೆಲದಿಂದ ಹಾರುವ ಹಾಗೆ ಇದ್ದರೆ ಅಷ್ಟು ಮಾತ್ರ ತಿದ್ದಿಸಿ.

ಉದ್ಯಮಬಾಗ್ ಮೆಲ್ಟರ್, ಬೆಳಗಾವಿ

ಮೇಲಿನವರು ಲೆಕ್ಕ ಚೆನ್ನಾಗಿ ಹೇಳಿದ್ದಾರೆ. ನಾನು ಇಪ್ಪತ್ತೆರಡು ವರ್ಷದಿಂದ ಫೌಂಡ್ರಿಯಲ್ಲಿ ಇದ್ದೇನೆ, ಹಾಗಾಗಿ ಬಿಸಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ.

ನಾವು ಬೀಡು ಕಬ್ಬಿಣ ಸುರಿಯುವುದು 1400 ಡಿಗ್ರಿ ಆಸುಪಾಸಲ್ಲಿ. ಅಷ್ಟಕ್ಕೇ ಫರ್ನೇಸಿನ ಲೈನಿಂಗ್ ಬಿರುಕು ಬಿಡುತ್ತದೆ. ಕಾಯುವಾಗ ಒಂದು ಪದರ ಒಂದು ಅಳತೆಗೆ ಹಿಗ್ಗುತ್ತದೆ, ಪಕ್ಕದ ಪದರ ಬೇರೆ ಅಳತೆಗೆ, ಜಗಳ ಇರುವುದೇ ಅಲ್ಲಿ. ಬಿರುಕು ಎಷ್ಟೇ ಸಣ್ಣದಿರಲಿ, ಕರಗಿದ ಲೋಹ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ನರ್ವಾ ಎಂಜಿನ್ ಬಗ್ಗೆ ಓದುವಾಗ ಅಲ್ಲೂ ಇದೇ ಕತೆ ಕಂಡಿತು, ಆದರೆ 2000 ಡಿಗ್ರಿ ದಾಟಿದ ಮೇಲೆ. ಅವರು ಯುರೇನಿಯಂ ಅನ್ನು ಗ್ರಾಫೈಟ್ ಒಳಗೆ ಕೂರಿಸಿದ್ದರು, ಯಾಕೆಂದರೆ ಗ್ರಾಫೈಟ್ ಅಂಥ ಬಿಸಿ ತಡೆಯುತ್ತದೆ. ಆದರೆ ಬಿಸಿ ಹೈಡ್ರೋಜನ್ ಗ್ರಾಫೈಟ್ ಅನ್ನು ತಿನ್ನುತ್ತದೆ, ಇಂಗಾಲವನ್ನು ಅನಿಲ ಮಾಡಿ ಹೊತ್ತುಕೊಂಡು ಹೋಗುತ್ತದೆ. ಅದನ್ನು ತಡೆಯಲು ತೂತುಗಳ ಒಳಮೈಗೆ ನಯೋಬಿಯಂ ಕಾರ್ಬೈಡ್ ಬಳಿದರು, ಮುಂದೆ ಜಿರ್ಕೋನಿಯಂ ಕಾರ್ಬೈಡ್. ಬಳಿದ ಪದರ ಒಂದು ಥರ ಹಿಗ್ಗಿತು, ಒಳಗಿನ ಗ್ರಾಫೈಟ್ ಇನ್ನೊಂದು ಥರ. ಬಿರುಕು. ಬಿರುಕಿನಿಂದ ಹೈಡ್ರೋಜನ್ ಒಳಗೆ ಹೋಗಿ ಮತ್ತೆ ತಿನ್ನಲು ಶುರು. ವರ್ಷಗಟ್ಟಲೆ ಇದರ ಮೇಲೇ ಕೆಲಸ ಮಾಡಿ ಸವಕಳಿಯನ್ನು ಬಹಳ ಇಳಿಸಿದರು.

ಇನ್ನೊಂದು ಘಟನೆ ನನಗೆ ತುಂಬಾ ಹಿಡಿಸಿತು. 1962ರ ನವೆಂಬರ್‌ನಲ್ಲಿ ಕಿವಿ ಅನ್ನುವ ಸರಣಿಯ ಒಂದು ರಿಯಾಕ್ಟರ್ ಶಕ್ತಿ ಏರಿಸುತ್ತಿದ್ದ ಹಾಗೆ ಚಿಮ್ಮುವ ಅನಿಲದಲ್ಲಿ ಮಿಂಚು ಕಾಣತೊಡಗಿತು. ಒಳಗಿನ ಇಂಧನದ ಚೂರುಗಳೇ ಕಿತ್ತು ಹೊರಗೆ ಹಾರುತ್ತಿದ್ದವು. ಆಮೇಲೆ ಅವರು ಏನು ಮಾಡಿದರು ನೋಡಿ. ಯುರೇನಿಯಂ ಹಾಕದೆ ಅದೇ ಥರದ ಇನ್ನೊಂದನ್ನು ಕಟ್ಟಿ, ಬರೀ ತಣ್ಣನೆ ಅನಿಲ ಹಾಯಿಸಿ ನೋಡಿದರು. ಬಿಸಿಯೇ ಇಲ್ಲದೆಯೂ ಅದು ಗಡಗಡ ನಡುಗಿತು. ಅಂದರೆ ತಪ್ಪು ಅಣು ಶಕ್ತಿಯದ್ದಲ್ಲ, ಅನಿಲ ಹರಿಯುವ ರಭಸಕ್ಕೆ ಸಡಿಲ ಇದ್ದ ಇಂಧನದ ಕಂಬಿಗಳು ಅದುರುತ್ತಿದ್ದವು. ಬಿಗಿಯಾಗಿ ಕಟ್ಟಿದ ಮೇಲೆ 1964ರಲ್ಲಿ ಸರಿಯಾಗಿ ಓಡಿತು. ಒಂದು ತೊಂದರೆಯನ್ನು ಬೇರೆಯದರಿಂದ ಬಿಡಿಸಿ ಒಂಟಿಯಾಗಿ ಹಿಡಿಯುವುದು ಅಂದರೆ ಇದು. ನಮ್ಮ ಹುಡುಗರಿಗೂ ನಾನು ಇದನ್ನೇ ಹೇಳುತ್ತೇನೆ, ಕಾಸ್ಟಿಂಗ್‌ನಲ್ಲಿ ತೂತು ಬಂದರೆ ಮರಳು, ಲೋಹ, ಗೇಟಿಂಗ್ (ಲೋಹ ಹರಿದು ಹೋಗುವ ದಾರಿ) ಮೂರನ್ನೂ ಒಟ್ಟಿಗೆ ಬದಲಾಯಿಸಬೇಡಿ ಅಂತ.

ಈಗಿನ ತೊಂದರೆ ಪರೀಕ್ಷೆಯದ್ದು. ಆಗ ಎಂಜಿನ್‌ನಿಂದ ಚಿಮ್ಮಿದ ಅನಿಲವನ್ನು ಸೀದಾ ಮರುಭೂಮಿಯ ಗಾಳಿಗೆ ಬಿಟ್ಟರು, ವಿಕಿರಣದ ಸಮೇತ. ಈಗ ಹಾಗೆ ಬಿಡುವಂತಿಲ್ಲ, ಬಿಡಲೂ ಬಾರದು. ಪೂರ್ತಿ ಅನಿಲ ಹಿಡಿದು, ತೊಳೆದು ಬಿಡುವ ಪರೀಕ್ಷಾ ಕೇಂದ್ರ ಕಟ್ಟಬೇಕು. ಅದರ ಖರ್ಚೇ ದೊಡ್ಡ ಹೊರೆ.

ಇಳಕಲ್ ನೇಕಾರರ ಮನೆಯವಳು

ನಾನು ಎಂಜಿನಿಯರ್ ಅಲ್ಲ. ಆದರೆ ಎಲ್ಲರೂ ಎಂಜಿನ್ ಹೇಗೆ ಓಡಿತು ಅಂತಲೇ ಹೇಳುತ್ತಿದ್ದೀರಿ, ಅದು ತಲೆ ಮೇಲೆ ಬಿದ್ದರೆ ಏನು ಅಂತ ಯಾರೂ ಹೇಳಲಿಲ್ಲ. ರಾಕೆಟ್‌ಗಳು ಮೇಲೇಳುವಾಗ ಸಿಡಿಯುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಒಳಗೆ ಯುರೇನಿಯಂ ಇದ್ದು ಹಾಗೆ ಸಿಡಿದರೆ? ಮಕ್ಕಳಿಗೆ ಹೇಳುವಾಗ ಇದನ್ನೂ ಹೇಳಬೇಕು ಅಲ್ವಾ?

ಕೃಷ್ಣಾ ತೀರ, ಬಾಗಲಕೋಟೆ

ಅಕ್ಕ, ನೀವು ಕೇಳಿದ್ದು ಸರಿಯಾಗಿದೆ, ಇದನ್ನು ನಾನೇ ಮೊದಲು ಬರೆಯಬೇಕಿತ್ತು.

ಬಿದ್ದದ್ದು ಉಂಟು. ಎಂಜಿನ್ ಅಲ್ಲ, ಕರೆಂಟ್ ಕೊಡುವ ಸಣ್ಣ ರಿಯಾಕ್ಟರ್. ಸೋವಿಯತ್‌ನವರು ಸಮುದ್ರದ ಹಡಗುಗಳ ಮೇಲೆ ಕಣ್ಣಿಡಲು ರಿಯಾಕ್ಟರ್ ಇರುವ ಉಪಗ್ರಹಗಳನ್ನು ಬಿಡುತ್ತಿದ್ದರು. ಅದರಲ್ಲಿ ಕಾಸ್ಮೋಸ್ 954 ಹತೋಟಿ ತಪ್ಪಿ 1978ರ ಜನವರಿ 24ರಂದು ಕೆನಡಾದ ಉತ್ತರದ ಹಿಮದ ನಾಡಿನ ಮೇಲೆ ಚೂರುಚೂರಾಗಿ ಬಿತ್ತು. ನೂರಾರು ಕಿಲೋಮೀಟರ್ ಉದ್ದಕ್ಕೆ ವಿಕಿರಣದ ಚೂರುಗಳು ಚೆಲ್ಲಿದವು. ತಿಂಗಳುಗಟ್ಟಲೆ ಹಿಮದಲ್ಲಿ ಹುಡುಕಿದರೂ ಸಿಕ್ಕಿದ್ದು ಸ್ವಲ್ಪವೇ. ಕೆನಡಾ 60 ಲಕ್ಷ ಡಾಲರ್‌ಗೂ ಮೀರಿ ಪರಿಹಾರ ಕೇಳಿತು, ಕೊನೆಗೆ ಬಂದದ್ದು 30 ಲಕ್ಷ. ಆ ರಿಯಾಕ್ಟರ್ ಓಡುತ್ತಿದ್ದದ್ದು ತೀರಾ ಕೆಳಗಿನ ಕಕ್ಷೆಯಲ್ಲಿ, ತಪ್ಪು ಆಗಿದ್ದೇ ಅಲ್ಲಿ.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ಒಮ್ಮೆಯೂ ಓಡಿಸದ ರಿಯಾಕ್ಟರ್‌ನಲ್ಲಿ ಇರುವುದು ಬರೀ ಯುರೇನಿಯಂ. ಅದರ ಅರ್ಧಾಯುಷ್ಯ (ಅರ್ಧ ಪಾಲು ಕರಗಲು ಹಿಡಿಯುವ ಕಾಲ) 70 ಕೋಟಿ ವರ್ಷ, ಅಂದರೆ ಅಷ್ಟು ನಿಧಾನವಾಗಿ ವಿಕಿರಣ ಬಿಡುತ್ತದೆ. ನಿಜವಾದ ಅಪಾಯ ಹುಟ್ಟುವುದು ಓಡಿಸಲು ಶುರು ಮಾಡಿದ ಮೇಲೆ, ಯುರೇನಿಯಂ ಒಡೆದು ಹುಟ್ಟುವ ವಸ್ತುಗಳಿಂದ. ಅದಕ್ಕೇ ತಣ್ಣಗಿರುವಾಗಲೇ ಮೇಲಕ್ಕೆ ಕಳಿಸಿ, ನೂರಾರು ವರ್ಷ ಕೆಳಗೆ ಬೀಳದಷ್ಟು ಎತ್ತರದ ಕಕ್ಷೆ ಸೇರಿದ ಮೇಲೆ ಮಾತ್ರ ಶುರು ಮಾಡಬೇಕು ಅನ್ನುವುದು ಈಗಿನ ಪದ್ಧತಿ. ಅಮೆರಿಕ 1965ರ ಏಪ್ರಿಲ್‌ನಲ್ಲಿ ಕಳಿಸಿದ ಸ್ನ್ಯಾಪ್ 10ಎ ಹೀಗೇ ಶುರುವಾಯಿತು. 43 ದಿನ ಓಡಿ, ಬೇರೊಂದು ವಿದ್ಯುತ್ ಭಾಗ ಕೆಟ್ಟು ನಿಂತಿತು. ಅದು ಈಗಲೂ ಸುಮಾರು 1300 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. ಸಮುದ್ರಕ್ಕೆ ಬಿದ್ದರೆ ನೀರು ತುಂಬಿ ತಾನೇ ಶುರುವಾಗದಂತೆ ನೋಡಿಕೊಳ್ಳುವುದೂ ವಿನ್ಯಾಸದ ಭಾಗ. ಭಯವೇ ಬೇಡ ಅಂತ ನಾನು ಹೇಳುವುದಿಲ್ಲ. ಮಂಗಳದಿಂದ ವಾಪಸ್ ಬರುವ, ಓಡಿ ಬಿಸಿಯಾದ ರಿಯಾಕ್ಟರ್ ಅನ್ನು ಭೂಮಿಯ ಹತ್ತಿರ ತರುವುದು ನನ್ನ ಪ್ರಕಾರ ಒಪ್ಪತಕ್ಕದ್ದಲ್ಲ. ಅದನ್ನು ದೂರದ ಕಕ್ಷೆಯಲ್ಲೇ ಬಿಡಬೇಕು.

ಕೂಡಗಿ ಕಡೆಯವ

ಟೀಚರ್ ಕೇಳಿದ ಪ್ಲುಟೋನಿಯಂ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ವಾಯೇಜರ್, ಕ್ಯೂರಿಯಾಸಿಟಿಯಲ್ಲಿ ಇರುವುದು ರಿಯಾಕ್ಟರ್ ಅಲ್ಲ ಮೇಡಂ. ಪ್ಲುಟೋನಿಯಂ 238 ತಾನಾಗೇ ಬಿಸಿಯಾಗಿರುತ್ತದೆ, ಆ ಬಿಸಿಯಿಂದ ಸ್ವಲ್ಪ ಕರೆಂಟ್. ಕ್ಯೂರಿಯಾಸಿಟಿಗೆ ಶುರುವಿನಲ್ಲಿ ಸಿಕ್ಕಿದ್ದು 110 ವ್ಯಾಟ್ ಅಷ್ಟೇ, ಮನೆಯ ಒಂದೆರಡು ಫ್ಯಾನ್‌ಗೆ ಆಗುವಷ್ಟು. ನಮ್ಮ ಚಂದ್ರಯಾನ 3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲೂ ಒಂದೊಂದು ವ್ಯಾಟ್ ಶಾಖ ಕೊಡುವ ಎರಡು ಪುಟ್ಟ ಘಟಕ ಇಟ್ಟಿದ್ದರು. ಅವು ಕರೆಂಟ್ ಕೂಡ ಕೊಡುವುದಿಲ್ಲ, ಬೆಚ್ಚಗಿಡುತ್ತವೆ.

ಆದರೆ ರಿಯಾಕ್ಟರ್‌ನಿಂದ ಕರೆಂಟ್ ತೆಗೆದು ಅದರಿಂದ ಅಯಾನ್ ಎಂಜಿನ್ (ಕರೆಂಟ್ ಬಲದಿಂದ ಅನಿಲದ ಕಣಗಳನ್ನು ಹಿಂದಕ್ಕೆ ಚಿಮ್ಮಿಸುವ ಎಂಜಿನ್) ಓಡಿಸುವ ಇನ್ನೊಂದು ದಾರಿ ಇದೆ. ಡಾನ್ ಅನ್ನುವ ನೌಕೆ 2007ರಲ್ಲಿ ಹೊರಟು ಇಂಥ ಎಂಜಿನ್‌ನಲ್ಲೇ ಕ್ಷುದ್ರಗ್ರಹಗಳ ಪಟ್ಟಿಯ ವೆಸ್ಟಾ, ಸೀರಿಸ್ ಎರಡನ್ನೂ ನೋಡಿತು, ಅದಕ್ಕೆ ಕರೆಂಟ್ ಸೂರ್ಯನದ್ದು. ಅದರಲ್ಲಿ ಅನಿಲದ ವೇಗ ಸೆಕೆಂಡಿಗೆ 30 ಕಿಲೋಮೀಟರ್ ದಾಟುತ್ತದೆ. ನೂಕುವ ಬಲ ಮಾತ್ರ ಅಂಗೈ ಮೇಲೆ ಎರಡು ಹಾಳೆ ಇಟ್ಟಷ್ಟು. ಜನರನ್ನು ಕೂರಿಸಿಕೊಂಡು ಬೇಗ ಹೋಗಬೇಕಾದರೆ ಮೆಗಾವ್ಯಾಟ್ ಲೆಕ್ಕದಲ್ಲಿ ಕರೆಂಟ್ ಬೇಕು.

ಅಲ್ಲಿ ನಮ್ಮ ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಸ್ಥಾವರದ ಸಾಮರ್ಥ್ಯ 2400 ಮೆಗಾವ್ಯಾಟ್, ಅದಕ್ಕಿಂತ ಜಾಸ್ತಿ ಶಾಖವನ್ನು ಸುಮ್ನೆ ಹೊರಗೆ ಹಾಕಬೇಕು. ಕೃಷ್ಣೆಯ ನೀರು ತಂದು ಕೂಲಿಂಗ್ ಟವರ್‌ನಲ್ಲಿ ಆವಿ ಮಾಡುವುದು ಅದಕ್ಕೇ. ಬಾಹ್ಯಾಕಾಶದಲ್ಲಿ ನೀರೂ ಇಲ್ಲ, ಗಾಳಿಯೂ ಇಲ್ಲ. ಬಿಸಿ ಹೊರಗೆ ಹೋಗಲು ಇರುವುದು ಒಂದೇ ದಾರಿ, ಕಾದ ತಗಡಿನ ಮುಂದೆ ನಿಂತಾಗ ಮುಖಕ್ಕೆ ತಟ್ಟುತ್ತದಲ್ಲ, ಆ ದಾರಿ. ಒಂದು ಮೆಗಾವ್ಯಾಟ್ ಕರೆಂಟ್ ಬೇಕು, ನಾಲ್ಕರಲ್ಲಿ ಒಂದು ಪಾಲು ಶಾಖ ಮಾತ್ರ ಕರೆಂಟ್ ಆಗುತ್ತದೆ ಅಂತಿಟ್ಟುಕೊಳ್ಳಿ. ಆಗ ಮೂರು ಮೆಗಾವ್ಯಾಟ್ ಹೊರಗೆ ಚೆಲ್ಲಬೇಕು. ಬಿಸಿ ಹೊರಗೆ ಚೆಲ್ಲುವ ಹಲಗೆ, ಅಂದರೆ ರೇಡಿಯೇಟರ್, 227 ಡಿಗ್ರಿಯಲ್ಲಿ ಇದ್ದರೆ ಅದರ ಮೈ ಸುಮಾರು 1000 ಚದರ ಮೀಟರ್ ಇರಬೇಕು. ಅಂದರೆ ಹತ್ತು ಗುಂಟೆ ಹೊಲ, ಮಡಚಿ ರಾಕೆಟ್ ಮೂತಿಯಲ್ಲಿ ತುಂಬಿ, ಮೇಲೆ ಹೋಗಿ ಬಿಚ್ಚಬೇಕು. ಅದೇ 527 ಡಿಗ್ರಿಗೆ ಏರಿಸಿದರೆ ಒಂದೂವರೆ ಗುಂಟೆ ಸಾಕು. ಆದರೆ ಅಷ್ಟು ಬಿಸಿಯಲ್ಲಿ ವರ್ಷಗಟ್ಟಲೆ ಸೋರದೆ ನಿಲ್ಲುವ ಕೊಳವೆ, ಟರ್ಬೈನ್ ಬೇಕು. ನೀವು ಮೇಲೆ ಓದಿದ ನರ್ವಾಗೆ ಈ ತೊಂದರೆ ಅಷ್ಟಾಗಿ ಇಲ್ಲ, ಅಲ್ಲಿ ಹೈಡ್ರೋಜನ್ನೇ ಬಿಸಿಯನ್ನು ಹೊತ್ತುಕೊಂಡು ಹೊರಗೆ ಹೋಗುತ್ತದೆ.

45 ದಿನದ ಬಗ್ಗೆ ಹೇಳುತ್ತೇನೆ. ನರ್ವಾ ಥರದ್ದನ್ನೂ ಈ ಅಯಾನ್ ದಾರಿಯನ್ನೂ ಸೇರಿಸುವ ಒಂದು ಕಲ್ಪನೆಗೆ ನಾಸಾ 2023ರಲ್ಲಿ ಆರಂಭದ ಅಧ್ಯಯನಕ್ಕೆ ಹಣ ಕೊಟ್ಟಿತ್ತು. ಸಂಖ್ಯೆ ಬಂದದ್ದು ಅಲ್ಲಿಂದ. ಅದು ಕಾಗದದ ಮೇಲಿನ ಲೆಕ್ಕ. ಬರೀ ನರ್ವಾ ಥರದ ಎಂಜಿನ್ ಇದ್ದರೆ ಈಗಿನ ಆರೇಳು ತಿಂಗಳು ನಾಲ್ಕು ತಿಂಗಳ ಆಸುಪಾಸಿಗೆ ಇಳಿಯಬಹುದು. ಅದೂ ಸಣ್ಣದಲ್ಲ. ಕ್ಯೂರಿಯಾಸಿಟಿ ದಾರಿಯಲ್ಲಿ ಅಳೆದ ವಿಕಿರಣ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ನೆಲದ ಮೇಲೆ ನಮಗೆ ಮಣ್ಣು, ಗಾಳಿ, ಆಕಾಶ ಎಲ್ಲ ಸೇರಿ ವರ್ಷವಿಡೀ ಬರುವುದೇ ಎರಡು ಮೂರು. ದಾರಿಯಲ್ಲಿ ಉಳಿಸಿದ ಒಂದೊಂದು ದಿನವೂ ಒಳಗಿರುವವರ ಮೈಗೆ ಲಾಭ.

ಈಗ ಯಾಕಿಲ್ಲ ಅಂದರೆ, 1973ರ ಜನವರಿಯಲ್ಲಿ ನರ್ವಾ ನಿಲ್ಲಿಸಿದಾಗ ಎಂಜಿನ್ ಕೆಟ್ಟಿರಲಿಲ್ಲ. ಚಂದ್ರನಿಗೆ ಜನರನ್ನು ಕಳಿಸಿದ ಅಪೊಲೊ ಮುಗಿದಿತ್ತು, ಮಂಗಳಕ್ಕೆ ಜನರನ್ನು ಕಳಿಸುವ ಯೋಜನೆಗೆ ಹಣ ಇರಲಿಲ್ಲ, ಹೋಗುವ ಊರೇ ಇಲ್ಲದ ಮೇಲೆ ಗಾಡಿ ಯಾಕೆ ಅಂದರು. ಡ್ರೇಕೊ ಅನ್ನುವ ಹೆಸರಲ್ಲಿ ಮತ್ತೆ ಶುರು ಮಾಡಿ, 2023ರಲ್ಲಿ ನಾಸಾ ಕೈಜೋಡಿಸಿದಾಗ 2027ಕ್ಕೆ ಹಾರಿಸುತ್ತೇವೆ ಅಂದರು, 2025ರಲ್ಲಿ ಅದೂ ನಿಂತಿತು. ಸಾಮಾನ್ಯ ರಾಕೆಟ್‌ನಲ್ಲಿ ಭಾರ ಕಳಿಸುವ ಖರ್ಚು ಇಳಿಯುತ್ತಿದೆ, ಹಾಗಾಗಿ ಇಷ್ಟು ಹಣ ಹಾಕಿದರೆ ಸಿಗುವ ಲಾಭ ಕಡಿಮೆ ಅನ್ನುವುದು ಕೊಟ್ಟ ಕಾರಣ. ನನಗೆ ಅದು ಒಪ್ಪಿಗೆ ಇಲ್ಲ. ಖರ್ಚು ಇಳಿದರೆ ಇಂಧನ ಜಾಸ್ತಿ ಒಯ್ಯಬಹುದು ನಿಜ, ಆದರೆ ಚಿಮ್ಮುವ ಅನಿಲದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ಗುರು, ಶನಿ ಕಡೆ ದೊಡ್ಡ ನೌಕೆ ಹೋಗಬೇಕಾದ ದಿನ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ವಿಜ್ಞಾನ ಟೀಚರ್, ಮುದ್ದೇಬಿಹಾಳ

ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಇವತ್ತು ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಓದಿಸಿದೆ. 45 ದಿನ ಅನ್ನುವುದನ್ನು ತಾನೇ ಅಳಿಸಿ "ಸುಮಾರು 4 ತಿಂಗಳು" ಅಂತ ಬರೆದಳು. ಕೆಳಗೆ ನೆವಾಡಾ, 1959 ಅಂತ ಸೇರಿಸಿದಳು. ಕಾಸ್ಮೋಸ್ 954 ಬಗ್ಗೆ ಕೆಂಪು ಪೆನ್ನಲ್ಲಿ ಒಂದು ಡಬ್ಬಿ ಹಾಕಿದಳು, ಅದು ಇಳಕಲ್ ಅಕ್ಕನ ಪ್ರಶ್ನೆಯಿಂದ. ಬಳೆ ಡಬ್ಬಿ ಟ್ಯಾಂಕ್ ಚಿಕ್ಕದಾಯಿತು ಅಂತ ಈಗ ದೊಡ್ಡ ಎಣ್ಣೆ ಡಬ್ಬಿ ಹುಡುಕುತ್ತಿದ್ದಾಳೆ.

ಹೋಗುವಾಗ ಒಂದು ಪ್ರಶ್ನೆ ಕೇಳಿದಳು: ಹೈಡ್ರೋಜನ್ ಇಟ್ಟುಕೊಳ್ಳುವುದು ಅಷ್ಟು ಕಷ್ಟ ಅಂದರೆ ಅದರ ಬದಲು ನೀರನ್ನೇ ರಿಯಾಕ್ಟರ್ ಒಳಗೆ ಹಾಯಿಸಿದರೆ ಏನು? ಮಂಗಳದಲ್ಲಿ ಮಂಜುಗಡ್ಡೆ ಹೇಗೂ ಇದೆಯಲ್ಲ?

ಉದ್ಯಮಬಾಗ್ ಮೆಲ್ಟರ್, ಬೆಳಗಾವಿ

ಒಳ್ಳೇ ಪ್ರಶ್ನೆ ಕೇಳಿದ್ದಾಳೆ, ದೊಡ್ಡವರೂ ಇದನ್ನು ಯೋಚಿಸಿದ್ದಾರೆ. ನೀರು ಇಟ್ಟುಕೊಳ್ಳಲು ಸುಲಭ, ಟ್ಯಾಂಕ್ ಪುಟ್ಟದು. ಆದರೆ ಅಣು ಭಾರ, ಹಾಗಾಗಿ ಚಿಮ್ಮುವ ವೇಗ ಇಳಿದು ಸುಡುವ ಎಂಜಿನ್‌ಗಿಂತ ಹೆಚ್ಚೇನೂ ಸಿಗುವುದಿಲ್ಲ. ಮೇಲಾಗಿ ಕೆಂಪಗೆ ಕಾದ ಗ್ರಾಫೈಟ್‌ಗೆ ನೀರಾವಿ ತಗುಲಿದರೆ ಅದು ಸವೆದು ಹೋಗುತ್ತದೆ, ಬೇರೆ ವಸ್ತುವಿನಲ್ಲಿ ಇಂಧನ ಮಾಡಬೇಕು. ಮಂಗಳದಲ್ಲೇ ನೀರು ತುಂಬಿಸಿಕೊಳ್ಳುವ ಹಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಯಾಕೆಂದರೆ ವಾಪಸ್ ಬರುವ ದಾರಿಯ ಭಾರವನ್ನು ಇಲ್ಲಿಂದ ಹೊರಬೇಕಿಲ್ಲ. ಅವಳಿಗೆ ಎರಡೂ ಲೆಕ್ಕ ಮಾಡಿಸಿ ಅಕ್ಕೋರೆ, ಕೃಷ್ಣಾ ತೀರದವರು ಮಾಡಿದ ಥರವೇ, ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಬಂದ ಉತ್ತರವನ್ನು ಇಲ್ಲಿ ಹಾಕಿ, ನಾನು ನೋಡುತ್ತೇನೆ.